ನಿಮಗಿದು ಗೊತ್ತೇ? ಗುರುವಿನ ಬಳಿ ಅರಳು ಸಿಡಿಯುತ್ತದೆ, ಶನಿ ಸಿಳ್ಳೆ ಹಾಕುತ್ತದೆ!

ಇಯರ್‌ಫೋನ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಇವತ್ತು ಗ್ರಹಗಳನ್ನು ನೋಡುವುದು ಬೇಡ, ಕೇಳೋಣ!

ಮೊದಲಿಗೆ ಒಂದು ತಕರಾರು. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದ ಮೇಲೆ ಸದ್ದು ಹೊತ್ತು ತರುವವರೂ ಇಲ್ಲ. ಅಲ್ಲಿ ಗಂಟಲು ಹರಿಯುವಂತೆ ಕಿರುಚಿದರೂ ಪಕ್ಕದವರಿಗೆ ಪಿಸುಮಾತೂ ಮುಟ್ಟದು. ಹಾಗಾದರೆ ನಾಸಾದವರು ‘ಇದು ಶನಿಯ ಸದ್ದು’, ‘ಇದು ಗುರುವಿನ ಸದ್ದು’ ಎಂದು ಕೇಳಿಸುವುದು ಏನನ್ನು? ಬರೀ ಬುರುಡೆಯೇ? ಅಲ್ಲ!

ನಿಮ್ಮ ಮನೆಯ ರೇಡಿಯೊ ನೆನಪಿಸಿಕೊಳ್ಳಿ. ಆಕಾಶವಾಣಿಯಿಂದ ನಿಮ್ಮ ಮನೆಯವರೆಗೆ ಬರುವುದು ಸದ್ದಲ್ಲ, ಅಲೆ. ಆ ಅಲೆಯನ್ನು ಸದ್ದಾಗಿಸುವುದು ನಿಮ್ಮ ಮೇಜಿನ ಮೇಲಿನ ಪೆಟ್ಟಿಗೆ. ಗ್ರಹಗಳ ಸುತ್ತ ವಿದ್ಯುತ್ ಕಣಗಳ ತೆಳುವಾದ ಮೋಡ ಇರುತ್ತದೆ. ಅದಕ್ಕೆ ಪ್ಲಾಸ್ಮಾ ಎಂದು ಹೆಸರು. ಅದರಲ್ಲಿ ಹಗಲು ರಾತ್ರಿ ಅಲೆಗಳು ಏಳುತ್ತಲೇ ಇರುತ್ತವೆ. ನೌಕೆಯ ಆಂಟೆನಾ ಆ ಅಲೆಯನ್ನು ಹಿಡಿದು ಕಳಿಸುತ್ತದೆ. ಇಲ್ಲಿ ಅದನ್ನು ಸ್ಪೀಕರಿಗೆ ಕೊಟ್ಟರೆ, ಬಂತು ನೋಡಿ ಸದ್ದು!

1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಆಂಟೆನಾ ಹೇಗಿದೆ ಗೊತ್ತೇ? ತಲಾ 10 ಮೀಟರ್ ಉದ್ದದ ಎರಡು ಕಡ್ಡಿ. ಹಳೆಯ ಕಪ್ಪು-ಬಿಳುಪು ಟಿವಿಯ ತಲೆಯ ಮೇಲೆ ಎಳೆದು ನಿಲ್ಲಿಸುತ್ತಿದ್ದೆವಲ್ಲ, ಥೇಟ್ ಹಾಗೆಯೇ!

ಇನ್ನೂ ಮಜಾ ಕೇಳಿ. ವಾಯೇಜರ್‌ನ ಪ್ಲಾಸ್ಮಾ ಉಪಕರಣ ಸೆಕೆಂಡಿಗೆ 10ರಿಂದ 56,000 ಸಲ ಅಲುಗುವ ಅಲೆಗಳನ್ನು ಹಿಡಿಯುತ್ತದೆ. ನಮ್ಮ ಕಿವಿ ಹಿಡಿಯುವುದು 20ರಿಂದ 20,000. ಅಂದರೆ ಅದು ಹಿಡಿದದ್ದರಲ್ಲಿ ಬಹಳಷ್ಟನ್ನು ಏರಿಸುವುದೂ ಬೇಡ, ಇಳಿಸುವುದೂ ಬೇಡ. ಇದ್ದದ್ದನ್ನು ಇದ್ದ ಹಾಗೆ ಸ್ಪೀಕರಿಗೆ ಕೊಟ್ಟರೆ ಸಾಕು!

ಈ ಸದ್ದುಗಳನ್ನು ಜೀವನವಿಡೀ ಕೂಡಿಸಿಟ್ಟ ಒಬ್ಬ ಪುಣ್ಯಾತ್ಮ ಇದ್ದರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡೊನಾಲ್ಡ್ ಗರ್ನೆಟ್. ವಾಯೇಜರ್, ಗೆಲಿಲಿಯೊ, ಕ್ಯಾಸಿನಿ, ಹೀಗೆ ನೌಕೆಯ ಮೇಲೆ ನೌಕೆಗೆ ‘ಕಿವಿ’ ಕಟ್ಟಿ ಕಳಿಸಿದರು. ಜನ ಅಂಚೆಚೀಟಿ ಕೂಡಿಸುತ್ತಾರೆ, ಇವರು ಗ್ರಹಗಳ ಕೂಗು ಕೂಡಿಸಿದರು!

ಅವರ ಸಂಗ್ರಹದ ಸದ್ದುಗಳನ್ನು ಕಟ್ಟಿಕೊಂಡು ಟೆರ್ರಿ ರೈಲಿ ಎಂಬ ಸಂಗೀತಗಾರ ಒಂದು ಕೃತಿ ರಚಿಸಿದರು. ಕ್ರೋನೋಸ್ ಎಂಬ ಪಿಟೀಲು ತಂಡ ಅದನ್ನು 2002ರಲ್ಲಿ ನುಡಿಸಿತು. ಬರೆಸಿದ್ದು ಯಾರು? ಸ್ವತಃ ನಾಸಾ! ಗ್ರಹಗಳೇ ಪಕ್ಕವಾದ್ಯ.

ಈಗ ಗುರು ಗ್ರಹ. ಇದರ ಸದ್ದು ಸಿಕ್ಕಿದ್ದು 1955ರಲ್ಲಿ, ನೌಕೆಗಳೇ ಇಲ್ಲದ ಕಾಲದಲ್ಲಿ! ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ ಎಂಬ ಇಬ್ಬರು ಮೇರಿಲ್ಯಾಂಡ್‌ನ ಹೊಲವೊಂದರಲ್ಲಿ ತಂತಿ ಎಳೆದು ಬೇರೇನನ್ನೋ ಹುಡುಕುತ್ತಿದ್ದರು. ನಡುವೆ ಆಗಾಗ ಒಂದು ಗೊರಗೊರ. ಯಾರೋ ಕೂಲಿಯಾಳು ರಾತ್ರಿ ತಡವಾಗಿ ಟ್ರಕ್ ಓಡಿಸಿಕೊಂಡು ಮನೆಗೆ ಹೋಗುತ್ತಿರಬೇಕು, ಅದರ ಎಂಜಿನ್ನಿನ ಕಿರಿಕಿರಿ ಎಂದುಕೊಂಡರು. ಆದರೆ ಆ ‘ಟ್ರಕ್’ ನಕ್ಷತ್ರಗಳ ಜೊತೆಗೇ ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತಿತ್ತು! ತಲೆ ಎತ್ತಿ ನೋಡಿದರೆ ಅಲ್ಲಿ ಗುರು ಕೂತಿತ್ತು.

ಗುರುವನ್ನು ಕೇಳಲು ನೌಕೆಯೂ ಬೇಡ, ಕೋಟಿ ರೂಪಾಯಿಯೂ ಬೇಡ. ನಾಲ್ಕು ಕಂಬ, ಒಂದಿಷ್ಟು ತಂತಿ, 20 ಮೆಗಾಹರ್ಟ್ಸ್ ಹಿಡಿಯುವ ಒಂದು ರೇಡಿಯೊ ಇದ್ದರೆ ಆಯಿತು. ಶಾಲೆಯ ಮಕ್ಕಳೂ ಕೇಳಿದ್ದಾರೆ! ಒಂದು ಬಗೆಯ ಸದ್ದು ದಡಕ್ಕೆ ಬಂದು ಬೀಳುವ ಸಮುದ್ರದ ಅಲೆಯಂತೆ. ಇನ್ನೊಂದು ಬಾಣಲೆಯಲ್ಲಿ ಅರಳು ಸಿಡಿದಂತೆ ಚಟಪಟ ಚಟಪಟ. ನಾಗರಪಂಚಮಿಗೆ ಮನೆಯಲ್ಲಿ ಜೋಳದ ಅರಳು ಹುರಿಯುವುದನ್ನು ಕೇಳಿದವರಿಗೆ ಗುರು ತೀರಾ ಹೊಸಬನಲ್ಲ.

ಆ ಚಟಪಟದ ಕೀಲಿ ಇರುವುದು ಗುರುವಿನ ಕೈಯಲ್ಲಲ್ಲ. ಅದರ ಉಪಗ್ರಹ ಅಯೋ ಕೈಯಲ್ಲಿ! ಅಯೋ ತನ್ನ ದಾರಿಯಲ್ಲಿ ಇಂಥ ಜಾಗಕ್ಕೆ ಬಂದಾಗ ಗುರುವಿನ ಗದ್ದಲ ಜೋರಾಗುತ್ತದೆ ಎಂದು 1964ರಲ್ಲಿ ಪತ್ತೆಯಾಯಿತು. ದೊಡ್ಡವರನ್ನು ಕೆಣಕಿ ಗಲಾಟೆ ಎಬ್ಬಿಸುವ ಚಿಕ್ಕ ಹುಡುಗ!

1979ರ ಮಾರ್ಚ್‌ನಲ್ಲಿ ವಾಯೇಜರ್-1 ಗುರುವಿನ ಪಕ್ಕ ಹಾದುಹೋಯಿತು. ಆಗ ಸಿಳ್ಳೆ ಕೇಳಿಸಿತು. ಸುಯ್ಯ್‌ ಎಂದು ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳೆ. ಗರ್ನೆಟ್ ಖುಷಿಯಾದರು. ಯಾಕೆಂದರೆ ಈ ಸಿಳ್ಳೆಯನ್ನು ಭೂಮಿಯಲ್ಲಿ ಎಷ್ಟೋ ಸಲ ಕೇಳಿದ್ದರು. ಅದು ಮಿಂಚಿನ ಸಿಳ್ಳೆ! ಗುರುವಿನಲ್ಲೂ ಮಿಂಚು ಹೊಡೆಯುತ್ತದೆ ಎಂದು ಕಿವಿ ಸಾಕ್ಷಿ ಹೇಳಿತು. ರಾತ್ರಿಯ ಕಡೆಯ ಫೋಟೊಗಳಲ್ಲೂ ಮಿಂಚು ಕಾಣಿಸಿತು.

ಭೂಮಿಯಲ್ಲಿ ಆ ಸಿಳ್ಳೆ ಮೊದಲು ಸಿಕ್ಕಿದ ಕತೆ ಇನ್ನೂ ಸೊಗಸು. ಮೊದಲ ಮಹಾಯುದ್ಧ. ಶತ್ರುಗಳ ಫೀಲ್ಡ್ ಟೆಲಿಫೋನ್ ಮಾತು ಕದ್ದು ಕೇಳಲು ಜರ್ಮನರು ನೆಲಕ್ಕೆ ತಂತಿ ನೆಟ್ಟು ಕೂತಿದ್ದಾರೆ. ಮಾತಿನ ನಡುವೆ ‘ಪಿಯ್ಯೂ... ಪಿಯ್ಯೂ’ ಎಂಬ ಸದ್ದು. ಸೈನಿಕರು ತಮ್ಮ ತಮ್ಮಲ್ಲಿ ‘ಗ್ರೆನೇಡ್ ಹಾರುತ್ತಿದೆ’ ಎಂದುಕೊಂಡರು. ಹೊರಗೆ ನೋಡಿದರೆ ಗ್ರೆನೇಡೂ ಇಲ್ಲ, ಏನೂ ಇಲ್ಲ! ಹೈನ್ರಿಕ್ ಬಾರ್ಕ್‌ಹೌಸೆನ್ ಎಂಬ ವಿಜ್ಞಾನಿ 1919ರಲ್ಲಿ ಇದನ್ನು ಬರೆದಿಟ್ಟರು. ಒಗಟು ಬಿಡಿಸಲು 1953 ಬರಬೇಕಾಯಿತು. ಬಿಡಿಸಿದವರು ಕೇಂಬ್ರಿಡ್ಜ್‌ನ ಓವನ್ ಸ್ಟೋರಿ.

ಅವರು ಕಂಡುಕೊಂಡದ್ದು ಏನು? ಎಲ್ಲೋ ಮಿಂಚು ಹೊಡೆಯುತ್ತದೆ. ಅದರ ರೇಡಿಯೊ ಅಲೆ ಭೂಮಿಯ ಕಾಂತರೇಖೆ ಹಿಡಿದು ಮೇಲೇರುತ್ತದೆ, ಸಾವಿರಾರು ಕಿಲೋಮೀಟರ್ ಬಾಹ್ಯಾಕಾಶದಲ್ಲಿ ಸುತ್ತು ಹಾಕಿ ಇನ್ನೊಂದು ಗೋಳಾರ್ಧಕ್ಕೆ ಇಳಿಯುತ್ತದೆ! ದಾರಿಯಲ್ಲಿ ಏರು ಶ್ರುತಿ ಬೇಗ ಓಡುತ್ತದೆ, ಇಳಿ ಶ್ರುತಿ ನಿಧಾನಕ್ಕೆ ಬರುತ್ತದೆ. ಅದಕ್ಕೇ ಸಿಳ್ಳೆ ಕೆಳಕ್ಕೆ ಜಾರುವುದು. ಸೈನಿಕರು ಕದ್ದು ಕೇಳಲು ಹೋದದ್ದು ಪಕ್ಕದ ಕಂದಕದ ಮಾತು, ಕೇಳಿಸಿದ್ದು ಬಾಹ್ಯಾಕಾಶದ ಮಾತು!

ನಮ್ಮ ದೇಶದಲ್ಲೂ ಈ ಸಿಳ್ಳೆ ಹಿಡಿದಿದ್ದಾರೆ. ಗುಲ್ಮಾರ್ಗ್, ನೈನಿತಾಲ್, ವಾರಾಣಸಿ. ನೀವೂ ಪ್ರಯತ್ನಿಸುವುದಾದರೆ ಒಂದು ಷರತ್ತು. ಕರೆಂಟ್ ಲೈನಿನಿಂದ ದೂರ ಹೋಗಬೇಕು. ಇಲ್ಲದಿದ್ದರೆ ಮಿಂಚೂ ಇಲ್ಲ, ಸಿಳ್ಳೆಯೂ ಇಲ್ಲ, ಬರೀ 50 ಹರ್ಟ್ಸ್‌ನ ಗುಂಯ್ಯ್!

ಭೂಮಿಯ ಸುತ್ತ ಹಕ್ಕಿಗಳ ಚಿಲಿಪಿಲಿ ಇದೆ ಎಂದರೆ ನಂಬುತ್ತೀರಾ? ಭೂಮಿಯ ಮೇಲಲ್ಲ, ಸುತ್ತ! 2012ರಲ್ಲಿ ವ್ಯಾನ್ ಆಲೆನ್ ಜೋಡಿ ನೌಕೆಗಳು ಹಾರಿದ ಕೆಲವೇ ದಿನಕ್ಕೆ ಇದನ್ನು ಹಿಡಿದು ಕಳಿಸಿದವು. ನಾನು ಇದನ್ನು ಬೆಳಿಗ್ಗೆ ಐದೂವರೆಗೆ ಹಾಕಿಕೊಂಡು ಕೇಳಿದೆ. ಕಿಟಕಿಯಾಚೆ ಪಿಕಳಾರಗಳು ಆಗಷ್ಟೇ ಶುರು ಮಾಡಿದ್ದವು. ಚುಂಯ್, ಚುಂಯ್, ಚಿರ್ರ್. ಒಂದು ಕ್ಷಣ ಯಾವುದು ಮರದ್ದು, ಯಾವುದು ಫೋನಿನದು ಎಂದು ತಿಳಿಯಲೇ ಇಲ್ಲ! ವಿಜ್ಞಾನಿಗಳೂ ಇದಕ್ಕೆ ‘ಮುಂಜಾವಿನ ಹಿಮ್ಮೇಳ’ ಎಂದೇ ಹೆಸರಿಟ್ಟಿದ್ದಾರೆ.

ಕೇಳಲು ಇಷ್ಟು ಮುದ್ದು. ಕೆಲಸ ಮಾತ್ರ ಪೋಕರಿಯದು! ಇದೇ ಚಿಲಿಪಿಲಿ ಅಲೆಗಳು ಎಲೆಕ್ಟ್ರಾನುಗಳನ್ನು ಉಗ್ರವಾಗಿ ಓಡಿಸುತ್ತವೆ. ಹಾಗೆ ಓಡಿದವು ಉಪಗ್ರಹಗಳ ಎಲೆಕ್ಟ್ರಾನಿಕ್ಸ್ ಕೆಡಿಸಬಲ್ಲವು.

ಸರಿ, ಶನಿಯ ಸರದಿ. ಹೆದರಬೇಡಿ.

ಕ್ಯಾಸಿನಿ ನೌಕೆ ಶನಿಯ ಕೂಗನ್ನು ಹಿಡಿದದ್ದು 2002ರಲ್ಲೇ. ಆಗ ಅದು ಇನ್ನೂ 37 ಕೋಟಿ ಕಿಲೋಮೀಟರ್ ಆಚೆ ಇತ್ತು! ಸೂರ್ಯನಿಂದ ನಮಗಿರುವ ದೂರದ ಎರಡೂವರೆ ಪಟ್ಟು. ಅಷ್ಟು ದೂರಕ್ಕೂ ಕೇಳುವ ಗಂಟಲು!

ಶನಿಯ ಅಲೆಗಳು ನಮ್ಮ ಕಿವಿಗೆ ತೀರಾ ಮೇಲಿನ ಶ್ರುತಿ. ಅದಕ್ಕೇ ಒಂದು ಪ್ರಸಿದ್ಧ ತುಣುಕನ್ನು 44 ಪಟ್ಟು ಕೆಳಗಿಳಿಸಿ, 27 ನಿಮಿಷದ ಸಮಾಚಾರವನ್ನು 73 ಸೆಕೆಂಡಿಗೆ ಮಡಿಸಿದ್ದಾರೆ. ಅದನ್ನು ಮನೆಯಲ್ಲಿ ಸ್ಪೀಕರಿಗೆ ಹಾಕಿದೆ. ಊಂಯ್ಯ್ ಎಂದು ಏರುತ್ತದೆ, ಇಳಿಯುತ್ತದೆ, ಎರಡು ಮೂರು ದನಿ ಒಂದಕ್ಕೊಂದು ಸುತ್ತಿಕೊಂಡು ನರಳುತ್ತವೆ. ಅಮ್ಮ ಹಿತ್ತಲಿನಿಂದ ಓಡಿಬಂದರು. “ಕುಕ್ಕರ್ ಕೂಗಿ ಕೂಗಿ ಸಾಯ್ತಿದೆ, ಯಾರಿಗೂ ಕಿವಿ ಇಲ್ವೇನೋ?” ಇದು ಶನಿ ಎಂದೆ. “ಬೆಳಬೆಳಿಗ್ಗೆ ಅದನ್ನ ಯಾಕೋ ಮನೆಯೊಳಗೆ ಕರೀತೀಯ!”

ಈ ಕೂಗಿನಿಂದಲೇ ಶನಿಯ ದಿನ ಎಷ್ಟುದ್ದ ಎಂದು ಅಳೆಯಲು ಹೊರಟರು. ಶನಿ ಅನಿಲದ ಗೋಳ ನೋಡಿ. ಅಲ್ಲಿ ಗುರುತಿಗೆ ಒಂದು ಬೆಟ್ಟವೂ ಇಲ್ಲ. ಕೂಗು ಏರಿ ಇಳಿದು ಮತ್ತೆ ಏರುವುದನ್ನೇ ಎಣಿಸಿದರು. ವಾಯೇಜರ್ ಕೊಟ್ಟ ಲೆಕ್ಕ 10 ಗಂಟೆ 39 ನಿಮಿಷ. 2004ರಲ್ಲಿ ಕ್ಯಾಸಿನಿ ಹೋಗಿ ಎಣಿಸಿದರೆ ಸುಮಾರು 10 ಗಂಟೆ 45 ನಿಮಿಷ! ಅಷ್ಟು ದೊಡ್ಡ ಗ್ರಹ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಆರು ನಿಮಿಷ ಸೋಮಾರಿಯಾಯಿತೇ?

ಆಗಿರಲಿಲ್ಲ. ಕೂಗೇ ಕೈಕೊಟ್ಟಿತ್ತು! ಶನಿಯ ಉತ್ತರ ಭಾಗ ಒಂದು ತಾಳದಲ್ಲಿ ಕೂಗುತ್ತದೆ, ದಕ್ಷಿಣ ಭಾಗ ಇನ್ನೊಂದು ತಾಳದಲ್ಲಿ. ಕಾಲ ಸರಿದ ಹಾಗೆ ತಾಳವೂ ಬದಲಾಗುತ್ತದೆ. ಕೊನೆಗೆ ಸರಿಯಾದ ಲೆಕ್ಕ ಸಿಕ್ಕಿದ್ದು ಕೂಗಿನಲ್ಲಲ್ಲ, ಬಳೆಗಳಲ್ಲಿ ಏಳುವ ಸಣ್ಣ ತೆರೆಗಳಲ್ಲಿ. 2019ರಲ್ಲಿ ಬಂದ ಉತ್ತರ 10 ಗಂಟೆ 33 ನಿಮಿಷ 38 ಸೆಕೆಂಡ್. ಶನಿಯ ಮಾತು ನಂಬಿದರೆ ಇಷ್ಟೇ ನೋಡಿ!

ಶನಿಯ ಬಿರುಗಾಳಿಯೊಳಗೆ ಮಿಂಚಿದೆ. ಅದು ಹೇಗೆ ಕೇಳುತ್ತದೆ ಎಂದು ನಿಮಗೆ ಈಗಾಗಲೇ ಗೊತ್ತು. ಮಳೆಗಾಲದ ಸಂಜೆ ಮೀಡಿಯಂ ವೇವ್‌ನಲ್ಲಿ ವಾರ್ತೆ ಕೇಳುವಾಗ ಗುಡುಗಿಗೆ ಮೊದಲೇ ‘ಚರ್ರ್’ ಎನ್ನುತ್ತದಲ್ಲ? ಅದೇ!

1981ರಲ್ಲಿ ವಾಯೇಜರ್-2 ಶನಿಯ ಬಳೆಗಳ ಮಟ್ಟವನ್ನು ದಾಟಿತು. ಆಗ ದಡಬಡ ದಡಬಡ ಸದ್ದು, ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತೆ! ದೂಳಿನ ಕಣಗಳು ನೌಕೆಗೆ ಬಡಿದು ಕ್ಷಣದಲ್ಲಿ ಆವಿಯಾಗುತ್ತಿದ್ದವು. ಒಂದೊಂದು ಪೆಟ್ಟೂ ಆಂಟೆನಾದಲ್ಲಿ ಒಂದೊಂದು ‘ಟಪ್’.

ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು 2017ರ ಏಪ್ರಿಲ್ 26ರಂದು ಕ್ಯಾಸಿನಿಯನ್ನು ಶನಿಗೂ ಬಳೆಗಳಿಗೂ ನಡುವಿನ ಸಂದಿಗೆ ಇಳಿಸಿದರು. ಸಂದಿಯ ಅಗಲ ಸುಮಾರು 2,000 ಕಿಲೋಮೀಟರ್. ನೌಕೆಯ ವೇಗ ಗಂಟೆಗೆ 1,24,000 ಕಿಲೋಮೀಟರ್. ಆ ವೇಗದಲ್ಲಿ ಮರಳಿನ ಕಾಳೂ ಗುಂಡಿನಂತೆ. ಅದಕ್ಕೇ 4 ಮೀಟರಿನ ದೊಡ್ಡ ಆಂಟೆನಾ ತಟ್ಟೆಯನ್ನೇ ಗುರಾಣಿಯಂತೆ ಮುಂದೆ ಹಿಡಿದು ನುಗ್ಗಿಸಿದರು. ಆಲಿಕಲ್ಲಿನ ಸದ್ದಿಗೆ ಎಲ್ಲರೂ ಕಿವಿಗೊಟ್ಟು ಕೂತರು.

ಕೇಳಿಸಿದ್ದು? ಏನೂ ಇಲ್ಲ! ಬೆರಳಲ್ಲಿ ಎಣಿಸುವಷ್ಟು ಟಪ್‌ಗಳು. ಉಳಿದದ್ದೆಲ್ಲ ಹಗುರಾದ ಸುಯ್‌ಸುಯ್. ಅಲ್ಲಿ ದೂಳು ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ವಿಜ್ಞಾನಿಗಳು ಆ ಜಾಗವನ್ನು ‘ದೊಡ್ಡ ಖಾಲಿ’ ಎಂದು ಕರೆದರು. ಇಡೀ ಸೌರಮಂಡಲದ ರೆಕಾರ್ಡಿಂಗ್‌ಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಇದೇ. ಸದ್ದಿಲ್ಲ ಎಂಬುದೇ ಸುದ್ದಿಯಾದ ರೆಕಾರ್ಡಿಂಗ್!

ಇಲ್ಲಿಯವರೆಗೆ ಕೇಳಿದ್ದು ಆಂಟೆನಾ ಹಿಡಿದ ಸದ್ದು. ನಿಜವಾದ ಮೈಕು, ನಿಜವಾದ ಗಾಳಿ, ನಿಜವಾದ ಸದ್ದು ಬೇಕೇ? ಶುಕ್ರಕ್ಕೆ ಬನ್ನಿ!

1982ರ ಮಾರ್ಚ್‌ನಲ್ಲಿ ಸೋವಿಯತ್ ಒಕ್ಕೂಟ ವೆನೆರಾ-13, ವೆನೆರಾ-14 ಎಂಬ ಎರಡು ನೌಕೆಗಳನ್ನು ಶುಕ್ರದ ನೆಲದ ಮೇಲೆ ಇಳಿಸಿತು. ಎರಡರಲ್ಲೂ ಮೈಕು ಇತ್ತು. ಬೇರೆ ಗ್ರಹದ ನೆಲದಿಂದ ಮನುಷ್ಯ ಕೇಳಿದ ಮೊದಲ ಸದ್ದು ಅದು. ಆ ಉಪಕರಣದ ಹೆಸರು ‘ಗ್ರೋಜಾ’. ರಷ್ಯನ್ ಭಾಷೆಯಲ್ಲಿ ಗುಡುಗು-ಮಿಂಚಿನ ಮಳೆ ಎಂದರ್ಥ!

ಅಲ್ಲಿನ ಬಿಸಿ 457 ಡಿಗ್ರಿ. ಸೀಸ ಕರಗಿ ಹರಿಯುವಷ್ಟು! ಒತ್ತಡ ನಮ್ಮಲ್ಲಿಯದರ ಸುಮಾರು 90 ಪಟ್ಟು. ಅಂಥ ಕುಲುಮೆಯಲ್ಲಿ ವೆನೆರಾ-13 ಎರಡು ಗಂಟೆಗೂ ಹೆಚ್ಚು ಹೊತ್ತು ಬದುಕಿತ್ತು. ಮೈಕೂ ಕೆಲಸ ಮಾಡಿತು. ನನ್ನ ಫೋನು ಬೇಸಿಗೆಯಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಅರ್ಧ ಗಂಟೆ ತಡೆಯುವುದಿಲ್ಲ.

ಮೈಕಿಗೆ ಕೇಳಿಸಿದ್ದು ಏನೇನು? ಮೆಲ್ಲಗೆ ಬೀಸುವ ಗಾಳಿ, ನೆಲ ಕೊರೆಯುವ ಯಂತ್ರ, ಕ್ಯಾಮೆರಾದ ಮುಚ್ಚಳ ‘ಟಕ್’ ಎಂದು ಹಾರಿ ಬಿದ್ದ ಸದ್ದು. ಗಾಳಿಯ ಸದ್ದಿನಿಂದಲೇ ಅದರ ವೇಗ ಲೆಕ್ಕ ಹಾಕಿದರು. ಸೆಕೆಂಡಿಗೆ ಸುಮಾರು ಅರ್ಧ ಮೀಟರ್, ಅಷ್ಟೇ!

ಆ ಮುಚ್ಚಳದ ಕತೆ ಇನ್ನೂ ಇದೆ. ವೆನೆರಾ-14ರಲ್ಲಿ ಮಣ್ಣು ಎಷ್ಟು ಗಟ್ಟಿ ಎಂದು ಒತ್ತಿ ನೋಡಲು ಒಂದು ತೋಳಿತ್ತು. ಕೋಟ್ಯಂತರ ಕಿಲೋಮೀಟರ್ ಹೋಗಿ, ಇಳಿದು, ತೋಳು ಚಾಚಿ ಒತ್ತಿದರೆ, ಸರಿಯಾಗಿ ಅದರ ಕೆಳಗೆ ಬಿದ್ದಿತ್ತು ಅದೇ ಮುಚ್ಚಳ! ಶುಕ್ರದ ಮಣ್ಣಿನ ಬದಲು ಸೋವಿಯತ್ ಮುಚ್ಚಳದ ಗಟ್ಟಿತನ ಅಳೆದಂತಾಯಿತು.

ಮಂಗಳದಲ್ಲಿ ಮೈಕಿಗೆ ಬಹಳ ಕಾಲ ಗ್ರಹಚಾರ ಸರಿಯಿರಲಿಲ್ಲ. 1999ರ ಡಿಸೆಂಬರಿನಲ್ಲಿ ಮೈಕು ಹೊತ್ತ ನೌಕೆ ಇಳಿಯುವಾಗಲೇ ಕಳೆದುಹೋಯಿತು. 2008ರಲ್ಲಿ ಫೀನಿಕ್ಸ್ ನೌಕೆ ಮೈಕು ಹೊತ್ತು ಸುಖವಾಗಿ ಇಳಿಯಿತು, ಆದರೆ ಅದನ್ನು ಆನ್ ಮಾಡಲೇ ಇಲ್ಲ!

ಮೈಕೇ ಇಲ್ಲದ ನೌಕೆ ಮೊದಲು ಗಾಳಿಯ ಸದ್ದು ಕಳಿಸಿತು. 2018ರ ಡಿಸೆಂಬರ್ 1. ಇನ್‌ಸೈಟ್ ನೌಕೆಯ ಸೋಲಾರ್ ಹಲಗೆಗಳಿಗೆ ಗಾಳಿ ಬಡಿದು ಅದುರಿದವು. ಭೂಕಂಪ ಅಳೆಯುವ ಯಂತ್ರ ಆ ಅದುರನ್ನು ಹಿಡಿಯಿತು! ನಾನು ಅದನ್ನು ಫೋನಿನಲ್ಲಿ ಹಾಕಿ ಕಿವಿಗೆ ಒತ್ತಿಕೊಂಡೆ. ಏನೂ ಇಲ್ಲ. ಫೈಲ್ ಹಾಳಾಗಿದೆ ಎಂದುಕೊಂಡೆ. ದೊಡ್ಡ ಹೆಡ್‌ಫೋನ್ ಹಾಕಿದ ಮೇಲೆ ಗೊತ್ತಾಯಿತು. ಕಿವಿಗಿಂತ ಎದೆಗೆ ತಾಕುವ ಗುಡುಗುಡು. ದೂರದ ರಸ್ತೆಯಲ್ಲಿ ಲೋಡ್ ಲಾರಿ ಹೋದಂತೆ! ಫೋನಿನ ಪುಟ್ಟ ಸ್ಪೀಕರಿಗೆ ಆ ಶ್ರುತಿ ಎಟುಕುವುದೇ ಇಲ್ಲ. ನಮ್ಮಂಥವರಿಗಾಗಿಯೇ ನಾಸಾ ಎರಡು ಸ್ಥಾಯಿ ಏರಿಸಿದ ಇನ್ನೊಂದು ಪ್ರತಿಯನ್ನೂ ಕೊಟ್ಟಿದೆ.

2021ರ ಫೆಬ್ರುವರಿ 18ರಂದು ಪರ್ಸಿವರೆನ್ಸ್ ರೋವರ್ ಎರಡು ಮೈಕು ಹೊತ್ತು ಇಳಿಯಿತು. ಇಳಿಯುವ ಸಡಗರವನ್ನು ಹಿಡಿಯಲೆಂದೇ ಇಟ್ಟ ಮೈಕು ಇಳಿಯುವಾಗ ಕೈಕೊಟ್ಟಿತು, ಇಳಿದ ಮೇಲೆ ಸರಿಯಾಯಿತು! ಮದುವೆ ಮುಗಿದ ಮೇಲೆ ಬಂದ ವಾಲಗದವನಂತೆ.

ಇನ್ನೊಂದು ಮೈಕಿನ ಕೆಲಸ ಬಹಳ ಜಾಣತನದ್ದು. ರೋವರ್ ಲೇಸರಿನಿಂದ ಬಂಡೆಗೆ ಹೊಡೆಯುತ್ತದೆ. ಟಿಕ್, ಟಿಕ್, ಟಿಕ್. ಆ ಸದ್ದು ಕೇಳಿಯೇ ಬಂಡೆ ಗಟ್ಟಿಯೋ ಮೆದುವೋ ಎಂದು ಹೇಳುತ್ತಾರೆ. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುತ್ತೇವಲ್ಲ, ಅದೇ ವಿದ್ಯೆ!

ಅದೇ ವರ್ಷದ ಏಪ್ರಿಲ್ 30ರಂದು ಪುಟಾಣಿ ಹೆಲಿಕಾಪ್ಟರ್ ಇಂಜೆನ್ಯುಯಿಟಿ ಹಾರಿತು. ರೋವರ್ ಇದ್ದದ್ದು 80 ಮೀಟರ್ ದೂರದಲ್ಲಿ. ಆ ತೆಳು ಗಾಳಿಯಲ್ಲಿ ಸದ್ದು ಅಲ್ಲಿಯವರೆಗೆ ಬರುತ್ತದೆಂಬ ಭರವಸೆ ಕಡಿಮೆಯೇ ಇತ್ತು. ಬಂತು! ನಿಮಿಷಕ್ಕೆ 2,537 ಸುತ್ತು ತಿರುಗುವ ರೆಕ್ಕೆಯ ಗುಂಯ್ಯ್. ಮುಚ್ಚಿದ ಕೋಣೆಯೊಳಗೆ ದುಂಬಿ ಸಿಕ್ಕಿಕೊಂಡಂತೆ.

ಮಂಗಳದಲ್ಲಿ ಸದ್ದು ಎಷ್ಟು ವೇಗವಾಗಿ ಓಡುತ್ತದೆ? ನಮ್ಮಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್. ಅಲ್ಲಿ ಬರೀ 240. ವಿಚಿತ್ರ ಅದಲ್ಲ. ಅಲ್ಲಿ ಮೇಲಿನ ಶ್ರುತಿ 250 ಮೀಟರ್ ವೇಗದಲ್ಲಿ ಓಡುತ್ತದೆ! ಅಂದರೆ ಮಂಗಳದ ಬಯಲಿನಲ್ಲಿ ದೂರ ಕೂತು ಕಛೇರಿ ಕೇಳಿದರೆ ಪಿಟೀಲು ಮೊದಲು ಬರುತ್ತದೆ, ಮೃದಂಗದ ತೊಪ್ಪಿ ಹಿಂದುಳಿಯುತ್ತದೆ. ತಾಳ ಹಾಕುವವರ ಗತಿ ದೇವರಿಗೇ ಪ್ರೀತಿ!

2021ರ ಸೆಪ್ಟೆಂಬರ್ 27. ಮೈಕು ಸದಾ ಆನ್ ಇರುವುದಿಲ್ಲ, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಮಾತ್ರ. ಸರಿಯಾಗಿ ಆ ಹೊತ್ತಿಗೇ ಒಂದು ಸುಳಿಗಾಳಿ ರೋವರಿನ ತಲೆಯ ಮೇಲೇ ಹಾದುಹೋಯಿತು! 25 ಮೀಟರ್ ಅಗಲ, 118 ಮೀಟರ್ ಎತ್ತರ. ಮೊದಲು ಭೊರ್ರ್. ನಡುವೆ ಒಂದು ಮೌನ, ಅದು ಸುಳಿಯ ಹೊಟ್ಟೆ. ಮತ್ತೆ ಭೊರ್ರ್. ಜೊತೆಗೆ ಮೈಕಿಗೆ ದೂಳಿನ ಕಾಳು ಬಡಿದ ಚಿಟಿಚಿಟಿ. ಬೇಸಿಗೆಯ ಮಧ್ಯಾಹ್ನ ಬಯಲುಸೀಮೆಯ ಹೊಲದಲ್ಲಿ ಸುಳಿಗಾಳಿಗೆ ಸಿಕ್ಕಿ ಕಣ್ಣು ಮುಚ್ಚಿಕೊಂಡವರು ಇದನ್ನು ತಕ್ಷಣ ಗುರುತಿಸುತ್ತಾರೆ.

ಚಂದ್ರನಲ್ಲಿ ಗಾಳಿ ಇಲ್ಲ, ಆದರೆ ನೆಲ ಅದುರುತ್ತದೆ. 1969ರ ನವೆಂಬರಿನಲ್ಲಿ ಅಪೊಲೊ-12ರವರು ಕೆಲಸ ಮುಗಿದ ತಮ್ಮ ವಾಹನವನ್ನು ಬೇಕೆಂದೇ ಚಂದ್ರನಿಗೆ ಅಪ್ಪಳಿಸಿದರು. ಚಂದ್ರ ಸುಮಾರು ಒಂದು ಗಂಟೆ ಅದುರುತ್ತಲೇ ಇತ್ತು, ದೇವಸ್ಥಾನದ ದೊಡ್ಡ ಗಂಟೆ ಹೊಡೆದ ಮೇಲೆ ಗುಂಯ್‌ಗುಡುವಂತೆ!

2023ರಲ್ಲಿ ಚಂದ್ರಯಾನ-3 ಹೊತ್ತೊಯ್ದ ಇಲ್ಸಾ ಎಂಬ ಕಂಪನಮಾಪಕ ಪ್ರಜ್ಞಾನ್ ರೋವರಿನ ಓಡಾಟವನ್ನು ಹಿಡಿಯಿತು. ಆಗಸ್ಟ್ 26ರಂದು, ರೋವರಿನದಲ್ಲದ, ತಾನಾಗಿಯೇ ಆದಂತೆ ತೋರುವ ಇನ್ನೊಂದು ಅದುರನ್ನೂ ಹಿಡಿಯಿತು. ಆ ಯಂತ್ರ ತಯಾರಾದದ್ದು ಎಲ್ಲಿ ಗೊತ್ತೇ? ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಪ್ರಯೋಗಾಲಯದಲ್ಲಿ! ಲಾರಿ, ಲೇತು, ಪ್ರೆಸ್ಸುಗಳಿಂದ ಹಗಲಿಡೀ ನೆಲ ಅದುರುವ ಪೀಣ್ಯದಲ್ಲಿ.

ಚಂದ್ರನ ಆಚೆ ಬದಿಯಲ್ಲಿ ಭೂಮಿಯ ಯಾವ ರೇಡಿಯೊವೂ ಕೇಳದು. 1969ರ ಮೇ ತಿಂಗಳಲ್ಲಿ ಅಪೊಲೊ-10ರ ಮೂವರು ಅಲ್ಲಿದ್ದಾಗ ಹೆಡ್‌ಫೋನಿನಲ್ಲಿ ‘ವೂಊಊ’ ಎಂಬ ಸದ್ದು! ಹೇಳಿದರೆ ಯಾರು ನಂಬುತ್ತಾರೆ ಎಂದು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಭೂತವೇನಲ್ಲ. ಅವರದೇ ಎರಡು ವಾಹನಗಳ ರೇಡಿಯೊಗಳು ಒಂದಕ್ಕೊಂದು ಅಡ್ಡ ಬಂದಿದ್ದವು.

ಧೂಮಕೇತು ಹಾಡಿದ್ದೂ ಉಂಟು. 2014ರಲ್ಲಿ ರೊಸೆಟ್ಟಾ ನೌಕೆ 67ಪಿ ಎಂಬ ಧೂಮಕೇತುವಿನ ಬಳಿ ಹೋದಾಗ ಅದರ ಸುತ್ತಲಿನ ಕಾಂತಕ್ಷೇತ್ರ ತೂಗುತ್ತಿತ್ತು. ಒಂದು ಸಲ ತೂಗಲು 20ರಿಂದ 25 ಸೆಕೆಂಡ್. ಅದನ್ನು 10,000 ಪಟ್ಟು ಓಡಿಸಿದರೆ? ಮಳೆಗಾಲದ ಕೆರೆಯಂಚಿನ ಕಪ್ಪೆಗಳು! ವಟ್ ವಟ್ ವಟ್.

ಈಗ ವಾಟ್ಸ್ಆಪ್ ಮಾವನವರಿಗೆ ಒಂದು ಮಾತು. ‘ಸೂರ್ಯನಲ್ಲಿ ಓಂಕಾರ, ನಾಸಾದವರೇ ರೆಕಾರ್ಡ್ ಮಾಡಿದ್ದಾರೆ’ ಎಂಬ ವಿಡಿಯೊ ನಿಮಗೂ ಬಂದಿರುತ್ತದೆ. ನನಗೆ ಏಳು ಸಲ ಬಂದಿದೆ. ಅದು ಯಾರೋ ಕೂತು ಜೋಡಿಸಿದ್ದು, ನಾಸಾದ್ದಲ್ಲ. ಆದರೆ ಸೂರ್ಯನ ಅಸಲಿ ಸದ್ದೇನು ಕಡಿಮೆ ಅಚ್ಚರಿಯದ್ದಲ್ಲ!

ಸೂರ್ಯನ ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಉಬ್ಬಿ ಇಳಿಯುತ್ತದೆ. ಒಳಗೆ ಓಡಾಡುವ ನಿಜವಾದ ಸದ್ದಿನ ಅಲೆಗಳಿಂದ. ಸೋಹೋ ನೌಕೆಯ 40 ದಿನದ ಲೆಕ್ಕವನ್ನು ಸ್ಟ್ಯಾನ್‌ಫರ್ಡ್‌ನ ಅಲೆಕ್ಸಾಂಡರ್ ಕೊಸೊವಿಚೆವ್ 42,000 ಪಟ್ಟು ಓಡಿಸಿ ಕೇಳಿಸಿದರು. ನಲವತ್ತು ದಿನ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ! ಓಂ ಅಲ್ಲ, ಬೀದಿಯ ಟ್ರಾನ್ಸ್‌ಫಾರ್ಮರ್‌ನಂಥ ಗುಂಯ್ಯ್. ಸೂರ್ಯನ ಮೈ ಅದುರನ್ನು ಸದಾ ಕಾಯುವ ಆರು ಕೇಂದ್ರಗಳು ಭೂಮಿಯ ಸುತ್ತ ಇವೆ. ಅವುಗಳಲ್ಲಿ ಒಂದು ನಮ್ಮ ಉದಯಪುರದಲ್ಲಿ!

ಮತ್ತೆ ಗುರುವಿನ ಬಳಿಗೆ ಬರೋಣ. ಅದರ ಇನ್ನೊಂದು ಉಪಗ್ರಹ ಗ್ಯಾನಿಮೀಡ್. 2021ರ ಜೂನ್ 7ರಂದು ಜೂನೋ ನೌಕೆ ಅದರಿಂದ 1,038 ಕಿಲೋಮೀಟರ್ ದೂರದಲ್ಲಿ ಹಾರಿತು. ಆಗ ಹಿಡಿದ ಅಲೆಗಳ 50 ಸೆಕೆಂಡಿನ ತುಣುಕು ಇದೆ. ಕೇಳುತ್ತಾ ಹೋದರೆ ನಡುವೆ ಥಟ್ಟನೆ ಶ್ರುತಿ ಮೇಲಕ್ಕೆ ಜಿಗಿಯುತ್ತದೆ. ಬೇರೆ ಊರಿನ ಗಡಿ ದಾಟಿದ ಹಾಗೆ!

ನಾಲ್ಕು ಶತಮಾನದ ಹಿಂದೆ ಖಗೋಳ ವಿಜ್ಞಾನಿ ಕೆಪ್ಲರ್ ಇದೇನನ್ನೂ ಕೇಳಿಸಿಕೊಳ್ಳದೆಯೇ ಗ್ರಹಗಳಿಗೆ ಸ್ವರ ಹಾಕಿದ್ದ! ಓಡುವ ವೇಗ ಹೆಚ್ಚಿದರೆ ಮೇಲಿನ ಸ್ವರ, ಕುಗ್ಗಿದರೆ ಕೆಳಗಿನ ಸ್ವರ. ಆ ಲೆಕ್ಕದಲ್ಲಿ ಶುಕ್ರ ಹೆಚ್ಚುಕಡಿಮೆ ಒಂದೇ ಸ್ವರ ಹಿಡಿದು ಕೂರುತ್ತದೆ, ಅದರ ದಾರಿ ಅಷ್ಟು ದುಂಡಗೆ. ಭೂಮಿಗೆ ಬಂದದ್ದು ಮಿ-ಫಾ-ಮಿ. ಲ್ಯಾಟಿನ್‌ನಲ್ಲಿ ಸಂಕಟ, ಬರಗಾಲ ಎಂಬ ಪದಗಳ ಮೊದಲ ಅಕ್ಷರ ಅವೇ ಎಂದು ಕೆಪ್ಲರ್ ತಾನೇ ಬರೆದಿಟ್ಟ. 1619ರ ಮಾತಿದು!

ಕೆಪ್ಲರನ ಆ ಲೆಕ್ಕವನ್ನು ಲಾರಿ ಸ್ಪೀಗಲ್ ಎಂಬಾಕೆ 1977ರಲ್ಲಿ ಕಂಪ್ಯೂಟರಿನಲ್ಲಿ ನುಡಿಸಿದರು. ಅದು ಈಗ ಎಲ್ಲಿದೆ ಗೊತ್ತೇ? ವಾಯೇಜರ್ ಹೊತ್ತೊಯ್ದ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ! ಗ್ರಹಗಳ ಸದ್ದು ಹಿಡಿಯಲು ಹೊರಟ ನೌಕೆಯಲ್ಲೇ ಗ್ರಹಗಳ ಸಂಗೀತ.

ಅದೇ ತಟ್ಟೆಯಲ್ಲಿ ಕೇಸರ್‌ಬಾಯಿ ಕೇರ್ಕರ್ ಹಾಡಿದ್ದಾರೆ. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ. ಅದರಲ್ಲಿ ಕನ್ನಡವೂ ಇದೆ! ನಮಸ್ತೆ ಹೇಳಿ, ಕನ್ನಡಿಗರ ಪರವಾಗಿ ಶುಭ ಕೋರುವ ಕೆಲವೇ ಸೆಕೆಂಡಿನ ದನಿ.

ವಾಯೇಜರ್-1 ಈಗ ಎಷ್ಟು ದೂರ? ಅದರ ಮಾತು ಬೆಳಕಿನ ವೇಗದಲ್ಲಿ ಬಂದರೂ ಇಲ್ಲಿ ಮುಟ್ಟಲು 23 ಗಂಟೆಗೂ ಹೆಚ್ಚು! ಅದರೊಳಗೆ ಇನ್ನೂ ಒಂದು ಟೇಪ್ ರೆಕಾರ್ಡರ್ ಇದೆ. ನಿಜವಾದ ಟೇಪಿನದ್ದು.

2012ರ ಆಗಸ್ಟಿನಲ್ಲಿ ಅದು ಸೂರ್ಯನ ಗಾಳಿ ಮುಗಿಯುವ ಗಡಿ ದಾಟಿತ್ತು. ದಾಟಿದ್ದು ಖಚಿತವಾದದ್ದು ಮಾತ್ರ ಮರುವರ್ಷ, ಅದೂ ಸದ್ದಿನಿಂದ! ಸೂರ್ಯನ ಒಂದು ಸ್ಫೋಟದ ಅಲೆ ವರ್ಷಕ್ಕೂ ಹೆಚ್ಚು ಕಾಲ ಪಯಣಿಸಿ ಅಲ್ಲಿಗೆ ಮುಟ್ಟಿತು, ಸುತ್ತಲಿನ ಪ್ಲಾಸ್ಮಾ ಗಂಟೆಯಂತೆ ಮೊಳಗಿತು. ಶ್ರುತಿ ಏರಿದಷ್ಟೂ ಪ್ಲಾಸ್ಮಾ ದಟ್ಟ. ಗಡಿಯ ಒಳಗಿದ್ದುದರ ನಲವತ್ತು ಪಟ್ಟಿಗೂ ಹೆಚ್ಚು ದಟ್ಟ! ಗರ್ನೆಟ್ ಆ ಶ್ರುತಿ ನೋಡಿಯೇ ಹೇಳಿದರು: ನಾವು ಹೊರಗೆ ಬಂದಿದ್ದೇವೆ.

2021ರಲ್ಲಿ ಇನ್ನೊಂದು ಸಿಕ್ಕಿತು. ಸ್ಫೋಟ ಏನೂ ಇಲ್ಲದಾಗಲೂ ಅಲ್ಲಿ ಒಂದು ಸಣ್ಣ, ಸಮನಾದ ಗುಂಯ್ಯ್ ಇದ್ದೇ ಇದೆ. ನಕ್ಷತ್ರಗಳ ನಡುವಿನ ಬಯಲು ತಂಬೂರಿಯಂತೆ ಒಂದೇ ಶ್ರುತಿ ಹಿಡಿದಿದೆ! ವಾಯೇಜರ್ ಕಳಿಸಿದ ಮಾಹಿತಿಯ ಗದ್ದಲದಿಂದ ಅದನ್ನು ಹೆಕ್ಕಿ ತೆಗೆದವರು ಸ್ಟೆಲ್ಲಾ ಓಕರ್ ಎಂಬ ವಿದ್ಯಾರ್ಥಿನಿ. ಓದುತ್ತಿದ್ದದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. 1977ರಲ್ಲಿ ಚಿನ್ನದ ತಟ್ಟೆಯ ಆ ಶುಭಾಶಯಗಳನ್ನು ರೆಕಾರ್ಡ್ ಮಾಡಿಸಿದ್ದೂ ಕಾರ್ನೆಲ್‌ನಲ್ಲೇ!